ಸೋರಿಕೆಯ ಷರಾ

ಮೂವತ್ತೊಂದು ವರ್ಷ ನನ್ನ ಕೆಲಸ ಒಂದೇ:
ಇಲ್ಲದ್ದನ್ನು ಕಾಯುವುದು.
ಉಕ್ಕಿನ ಕೊಳವೆಯೊಳಗೆ ಗಾಳಿಯಿಲ್ಲ, ತೇವವಿಲ್ಲ,
ಯಾರದೋ ಬೆರಳಿನ ಗುರುತೂ ಇಲ್ಲ.
ಇರಕೂಡದು, ಅಷ್ಟೇ.
ಹೊರಗೆ ಇಲಿನಾಯ್ ಬಯಲು, ಮಂಡಿಮಟ್ಟ ಹಿಮ.
ಒಳಗೆ ನಾನು, ಹೀಲಿಯಂ ಪಿಚಕಾರಿ ಹಿಡಿದು
ಕೀಲುಕೀಲಿಗೂ ಮೆಲ್ಲಗೆ ಊದುತ್ತ.
ಮುಳ್ಳು ಕದಲಿತೋ, ಅಲ್ಲಿದ್ದಾನೆ ಕಳ್ಳ.
ತಾಮ್ರದ ಬಳೆ ಬದಲಿಸು, ಬೋಲ್ಟು ಬಿಗಿ,
ಎದುರುಬದುರಾಗಿ, ಅವಸರ ಸಲ್ಲ.
ಆರ್ಲೀನ್ ಗೆಡ್ವಿಲಾ ಮುಟ್ಟಿದ ಕೀಲು ಸೋರಿದ್ದಿಲ್ಲ
ಎಂದು ಗುತ್ತಿಗೆಯವರೂ ಹೇಳುತ್ತಾರೆ.
ನಾನೇ ಹೇಳಿಕೊಟ್ಟ ಮಾತು, ಇರಲಿ.

ಆ ಬೆಳಿಗ್ಗೆ ಮಾರಿಬೆಲ್ ಬಂದಳು,
ಅರೋರಾದ ಹುಡುಗಿ, ಡಾಕ್ಟರೇಟಿನ ಶಾಯಿ ಇನ್ನೂ ಹಸಿ.
"ಸ್ವಲ್ಪ ಹೈಡ್ರೋಜನ್ ಬಿಡಬೇಕಿತ್ತು,
ಕೊಳವೆಯ ಒಳಕ್ಕೆ. ಬೇಕೆಂದೇ."
ಅಡುಗೆಮನೆಗೆ ಒಂದೆರಡು ಇಲಿ ಬಿಡಬೇಕಿತ್ತು
ಎಂದಂತೆ ಕೇಳಿಸಿತು ನನಗೆ.

ಡೋನಟ್ ಡಬ್ಬಿಯ ಮುಚ್ಚಳದ ಮೇಲೆ ಗೀಚಿದಳು:
ಇವು ಪ್ರೋಟಾನುಗಳು. ಎಲ್ಲವೂ ಧನ,
ಅದಕ್ಕೇ ಒಂದಕ್ಕೊಂದು ಕಂಡರಾಗದು.
ಕಿಕ್ಕಿರಿದಷ್ಟೂ ತಳ್ಳಾಟ.
ಆಯಸ್ಕಾಂತ ಎಷ್ಟು ಅದುಮಿ ಹಿಡಿದರೂ
ಅಂಚಿನವು ಜಾರಿ ಗೋಡೆಗೆ ಬಡಿಯುತ್ತವೆ.

ಇದನ್ನು ನನಗೆ ಹೇಳಿಕೊಡಬೇಕೆ?
ಸಿಸೆರೋದ ಮನೆಯಲ್ಲಿ ನಾವು ನಾಲ್ವರು ಹೆಣ್ಣುಮಕ್ಕಳು,
ಒಂದು ಕನ್ನಡಿ, ಒಂದು ಬಚ್ಚಲು,
ಒಂದೇ ಒರೆಗೆ ನಾಲ್ಕು ಕತ್ತಿ.
ಭಾನುವಾರ ಅಪ್ಪ ಹಳೇ ಕಾರಿಗೆ ತುಂಬಿ
ಸರೋವರದ ಕಡೆ ಹೊಡೆದರೆ ಮಾತ್ರ
ವೇಗ ಏರಿದಂತೆ ಜಗಳ ಇಳಿಯುತ್ತಿತ್ತು.
"ಪ್ರೋಟಾನೂ ಹಾಗೇ!" ಮಾರಿಬೆಲ್ ಕಣ್ಣರಳಿಸಿದಳು.
"ಬೆಳಕಿನ ವೇಗ ಹತ್ತಿರವಾದಂತೆ ತಳ್ಳಾಟ ತಗ್ಗುತ್ತದೆ.
ಕಷ್ಟವೆಲ್ಲ ನಿಧಾನವಾಗಿರುವಾಗಲೇ."
ನಾವೀಗ ನಾಲ್ವರೂ ನಿಂತುಬಿಟ್ಟಿದ್ದೇವೆ.
ಚಿಕ್ಕವಳು ಬಿರೂತೆ ಮಾತು ಬಿಟ್ಟು ಆರು ವರ್ಷ.

ಹಾಗಾದರೆ ಎಲೆಕ್ಟ್ರಾನ್ ಗನ್ ಇಡಿ, ಎಂದೆ,
ನನ್ನ ನಿರ್ವಾತಕ್ಕೆ ಯಾಕೆ ಕೈ?
ದುಡ್ಡಿಲ್ಲ, ಎಂದಳು. ಜಾಗವೂ ಇಲ್ಲ.
ಗನ್ನೇ ಬೇಡ: ಓಡುವ ಪ್ರೋಟಾನು ತಾನೇ
ಆ ಚೂರು ಅನಿಲಕ್ಕೆ ಡಿಕ್ಕಿ ಹೊಡೆದು
ಎಲೆಕ್ಟ್ರಾನನ್ನು ಕಿತ್ತು ಬಿಸಾಡುತ್ತದೆ.
ಬಿಸಾಡಿದ್ದನ್ನು ಸೊಲೆನಾಯ್ಡು ಚೆದುರಗೊಡದೆ ಹಿಡಿದರೆ
ನಡುವೆ ಒಂದು ಮೀಟರು ಮೋಡ.
ತಾವೇ ಒಡೆದದ್ದರ ಮಧ್ಯೆ ಹಾದು ಬರಬೇಕು
ಪ್ರತಿ ಸುತ್ತಿಗೂ, ಸೆಕೆಂಡಿಗೆ ಲಕ್ಷಗಟ್ಟಲೆ ಸಲ.
ಧನ ಧನವನ್ನು ದೂರ ತಳ್ಳುತ್ತದೆ.
ಒತ್ತಿಗೆ ಕರೆಯುವುದು ಋಣ.

ಸೂಜಿ ಕವಾಟ. ಕಾಲು ತಿರುವು. ಅದರಲ್ಲೂ ಕಾಲು.
ಹಾಲಿಗೆ ಹೆಪ್ಪು ಬಿಟ್ಟಷ್ಟು,
ಹೆಚ್ಚಾದರೆ ಹುಳಿ.
ಮೊದಲ ರಾತ್ರಿ ಹೆಚ್ಚಾಯಿತು.
ಧಾರೆ ಸತ್ತಿತು, ಅಲಾರಮು ಕೂಗಿತು,
ಹುಡುಗಿ ಉಗುರು ಕಚ್ಚಿದಳು,
ನನಗೆ ಒಳಗೊಳಗೇ ಖುಷಿ, ಸುಳ್ಳೇಕೆ.

ಎರಡನೇ ವಾರ, ಗುರುವಾರ, ಬೆಳಗಿನ ಜಾವ ಮೂರೂಮುಕ್ಕಾಲು.
ನಷ್ಟದ ಗೆರೆ,
ಗರಗಸದ ಹಲ್ಲಿನಂತೆ ಸದಾ ಎದ್ದಿರುತ್ತಿದ್ದ ಗೆರೆ,
ಕೂತಿತು.
ಪೂರ್ತಿ ಅಲ್ಲ. ಅರ್ಧವೂ ಅಲ್ಲ.
ಕೂತಿತು.
ಅಳತೆಯ ತಪ್ಪಿರಬಹುದು ಎಂದು ಮಾರಿಬೆಲ್
ಇನ್ನೂ ನಾಲ್ಕು ಸಲ ಅಳೆದಳು.
ನಾನು ಕವಾಟದ ಗುಂಡಿಯಿಂದ ಕೈ ತೆಗೆದೆ, ಮಲಗಿದ ಕೂಸಿನ
ಬೆನ್ನಿನಿಂದ ತೆಗೆಯುವ ಹಾಗೆ.

ನಮೂನೆ ತುಂಬುವುದು ಮಾತ್ರ ನನ್ನ ಪಾಲಿಗೇ.
ಸೋರಿಕೆ ಪತ್ತೆಯಾಗಿದೆಯೇ? ಹೌದು.
ಎಲ್ಲಿ? ಉತ್ತರದ ನೇರಭಾಗ, ಹನ್ನೊಂದನೇ ಕೀಲು.
ದುರಸ್ತಿ? ಇಲ್ಲ.
ಕಾರಣ?
ಪೆನ್ನು ಅಲ್ಲೇ ನಿಂತಿತು ಸ್ವಲ್ಪ ಹೊತ್ತು.
ಇಷ್ಟು ವರ್ಷ ಆ ಖಾನೆಗೆ ಬರೆದದ್ದು
ತುಕ್ಕು, ಬಿರುಕು, ಸಡಿಲ ಬೋಲ್ಟು, ಒಮ್ಮೆ ಯಾರದೋ ಕೂದಲು.
ಬರೆದೆ: ನಾನು.